ಬಾಗದ ಮುಂಗಾಲು

ಹಿಂದಿನ ಸೀಟಿನಲ್ಲಿ ಕೂತವರಿಗೆ ರಸ್ತೆ ಕಾಣುವುದಿಲ್ಲ. ಸೀರೆ ಉಟ್ಟು ಒಂದೇ ಕಡೆ ಕಾಲು ಇಳಿಬಿಟ್ಟು ಕೂತ ನನಗೆ ಕಾಣುತ್ತಿದ್ದದ್ದು ಎಡಗಡೆಯ ಹೊಲ, ಹಳ್ಳ, ಕಲ್ಲಿನ ಗುಂಪೆ. ಕತ್ತು ತಿರುಗಿಸಿದರೆ ನನ್ನ ಗಂಡನ ಬೆನ್ನು. ಹಾಗಾಗಿ ಗಾಡಿ ಏನು ಮಾಡುತ್ತಿದೆ ಎಂಬುದನ್ನು ಸೊಂಟದಿಂದ, ಹೆಗಲಿನಿಂದ ತಿಳಿದುಕೊಳ್ಳುವುದನ್ನು ಕಲಿತೆ. ಅವರು ಹಿಡಿದದ್ದು ಮುಂದಿನ ಬ್ರೇಕೋ, ತುಳಿದದ್ದು ಹಿಂದಿನದೋ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಇದನ್ನು ಗಂಡಸರಿಗೆ ಹೇಳಿದರೆ ನಗುತ್ತಾರೆ. ಅವರ ಪ್ರಕಾರ ಹಿಂದೆ ಕೂತವರು ಹೊರೆ, ಹೊರೆಗೆ ಬಾಯಿ ಇರಬಾರದು. ನನಗೆ ದೇವರು ಬಾಯಿಯನ್ನು ಕೊಂಚ ಜಾಸ್ತಿಯೇ ಕೊಟ್ಟಿದ್ದಾನೆ, ಅದು ಅವನ ತಪ್ಪು.

ನಮ್ಮ ಮನೆ ಕರ್ಜಗಿಯಲ್ಲಿ. ಮದುವೆಯಾದ ಕೆಲವು ವರ್ಷಗಳ ಮೇಲೆ ನನಗೆ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕಿತು. ಸಿಕ್ಕ ಊರು ಮೋಟೆಬೆನ್ನೂರನ್ನು ದಾಟಿ, ಹೆದ್ದಾರಿ ಬಿಟ್ಟು ಒಳಗೆ. ಕರ್ಜಗಿಯಿಂದ ಹಾವೇರಿಗೆ ಒಂದು ಬಸ್ಸು, ಹಾವೇರಿಯಿಂದ ಮೋಟೆಬೆನ್ನೂರಿಗೆ ಇನ್ನೊಂದು, ಅಲ್ಲಿಂದ ಒಳಗೆ ಹೋಗುವ ಬಸ್ಸು ಬರುವ ಹೊತ್ತಿಗೆ ಶಾಲೆಯಲ್ಲಿ ಮಕ್ಕಳ ಮಗ್ಗಿ ಮುಗಿದಿರುತ್ತಿತ್ತು. ಆದರೆ ನನ್ನ ಗಂಡನಿಗೆ ರಾಣೆಬೆನ್ನೂರಿನ ಒಂದು ಬೀಜದ ಅಂಗಡಿಯಲ್ಲಿ ಪಾಲಿತ್ತು. ದಿನಾ ಅದೇ ದಾರಿಯಲ್ಲಿ ಮೋಟಾರ್ ಸೈಕಲ್ ಮೇಲೆ ಹೋಗುತ್ತಿದ್ದರು. ನನ್ನನ್ನು ಶಾಲೆಯ ಬಾಗಿಲಲ್ಲಿ ಇಳಿಸಿ ಮುಂದೆ ಹೋಗುವುದು, ಸಂಜೆ ಬಂದು ಕರೆದುಕೊಂಡು ಹೋಗುವುದು ಎಂದು ಮಾತಾಯಿತು. ಶಾಲೆಗೆ ಹತ್ತಿರದ ಬ್ಯಾಡಗಿಯಲ್ಲಿ ಬಾಡಿಗೆ ಮನೆ ಮಾಡಬಹುದಿತ್ತಲ್ಲ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಮನೆಯಲ್ಲಿ ಅತ್ತೆ, ಎರಡು ಎಮ್ಮೆ, ಮತ್ತು ಮೆಣಸಿನಕಾಯಿ ಹೊಲ ಇದ್ದವು. ಆ ಮೂರನ್ನೂ ಬಾಡಿಗೆ ಮನೆಗೆ ತರಲು ಬರುವುದಿಲ್ಲ.

ಹೆದ್ದಾರಿಯನ್ನು ಫೋರ್‌ಲೇನ್ ಮಾಡುತ್ತಿದ್ದ ಕಾಲ ಅದು. ಅಲ್ಲಲ್ಲಿ ರಸ್ತೆ ಕಿತ್ತು, ಪಕ್ಕದಲ್ಲಿ ಜಲ್ಲಿ ಸುರಿದು, ಗಾಡಿಗಳನ್ನೆಲ್ಲ ಅದರ ಮೇಲೆ ತಿರುಗಿಸಿದ್ದರು. ಲಾರಿಗಳು ಓಡಾಡಿ ಓಡಾಡಿ ಆ ಜಲ್ಲಿಯ ದಾರಿ ಶಾವಿಗೆ ಒಣಹಾಕಿದ ಹಾಗೆ ಗೆರೆಗೆರೆಯಾಗಿ ಎದ್ದಿತ್ತು.

ಈಗ ಗಾಡಿಯ ವಿಷಯ. ನಮ್ಮ ಕಡೆ ಗಂಡಸರು ಮೋಟಾರ್ ಸೈಕಲ್ ನೋಡುವ ರೀತಿಯೇ ಬೇರೆ. ಯಾರಾದರೂ ಹೊಸ ಗಾಡಿ ತಂದರೆ ಕಟ್ಟೆಯ ಮೇಲಿದ್ದವರೆಲ್ಲ ಎದ್ದು ಬಂದು, ಹ್ಯಾಂಡಲ್ ಮೇಲೆ ಎರಡೂ ಕೈ ಊರಿ ಒತ್ತಿ ನೋಡುತ್ತಾರೆ. ಎತ್ತಿನ ಸಂತೆಯಲ್ಲಿ ಹೆಗಲಿನ ಮೇಲೆ ಕೈಯಿಟ್ಟು ಒತ್ತುವ ರೂಢಿ ಅದು. ನೊಗ ಬಿದ್ದ ಕೂಡಲೇ ಮುಂಗಾಲು ಕುಸಿಯುವ ಎತ್ತನ್ನು ನಮ್ಮಲ್ಲಿ ಯಾರೂ ಕೊಳ್ಳುವುದಿಲ್ಲ. ಗಾಡಿಯ ಮುಂಭಾಗ ಒತ್ತಿದಾಗ ಕೆಳಗಿಳಿದರೆ ಅದಕ್ಕೂ ಅದೇ ತೀರ್ಪು: ಮುಂಗಾಲಿನಲ್ಲಿ ದಮ್ಮಿಲ್ಲ. ಹ್ಯಾಂಡಲ್ ಮೇಲೆ ಆಳು ಬಿದ್ದರೂ ಜಗ್ಗದೆ ನಿಂತರೆ ಭೇಷ್ ಎನ್ನುತ್ತಿದ್ದರು.

ಅದರ ಜೊತೆಗೆ ಸುಗ್ಗಿ. ಮೆಣಸಿನಕಾಯಿಯ ದೊಡ್ಡ ಮಾಲು ಟೆಂಪೋದಲ್ಲಿ ಹೋಗುತ್ತಿತ್ತು. ಆಮೇಲೆ ಮನೆಯಲ್ಲಿ ಕೂತು ಆರಿಸಿದ ಒಳ್ಳೆಯ ಕಾಯಿಯನ್ನು ಸ್ವಲ್ಪಸ್ವಲ್ಪವಾಗಿ, ಮಾರುಕಟ್ಟೆಯ ದಿನಗಳಾದ ಸೋಮವಾರ ಮತ್ತು ಗುರುವಾರ, ನನ್ನ ಗಂಡ ಮೋಟಾರ್ ಸೈಕಲ್ಲಿನ ಪೆಟ್ರೋಲ್ ಟ್ಯಾಂಕಿನ ಮೇಲೆ ಚೀಲ ಇಟ್ಟುಕೊಂಡು ಬ್ಯಾಡಗಿಗೆ ಒಯ್ಯುತ್ತಿದ್ದರು. ಮುಂದೆ ಚೀಲ, ನಡುವೆ ಅವರು, ಹಿಂದೆ ನಾನು. ಚೀಲಕ್ಕೆ ಸೀನು ಬರುತ್ತಿರಲಿಲ್ಲ, ಉಳಿದಿಬ್ಬರೂ ದಾರಿಯುದ್ದಕ್ಕೂ ಸೀನುತ್ತಿದ್ದೆವು. ಚೀಲದ ಭಾರಕ್ಕೆ ಮುಂಭಾಗ ಇಳಿಯುತ್ತದೆ ಎಂದು ಅವರು ಬ್ಯಾಡಗಿಯ ಸ್ಟೇಶನ್ ರಸ್ತೆಯ ಮೆಕ್ಯಾನಿಕ್ಕಿಗೆ ಹೇಳಿ ಮುಂದಿನ ಶಾಕಪ್ ಗಟ್ಟಿ ಮಾಡಿಸಿದ್ದರು. ಶಾಕಪ್ ಎಂದರೆ ಮುಂದಿನ ಚಕ್ರವನ್ನು ಹಿಡಿದಿರುವ ಎರಡು ಕೊಳವೆಗಳು. ಒಳಗೆ ಸ್ಪ್ರಿಂಗು, ಎಣ್ಣೆ. ಆ ಎಣ್ಣೆ ತೆಗೆದು ಟ್ರ್ಯಾಕ್ಟರಿನ ದಪ್ಪ ಎಣ್ಣೆ ಹಾಕಿ, ಸ್ಪ್ರಿಂಗಿನ ಮೇಲೆ ಕಬ್ಬಿಣದ ಕೊಳವೆಯ ತುಂಡು ಇಟ್ಟು ಬಿಗಿದರೆ ಮುಗಿಯಿತು, ಗಾಡಿ ಯಾರಿಗೂ ತಲೆ ಬಾಗಿಸುವುದಿಲ್ಲ. ಮೆಣಸಿನಕಾಯಿ ಒಯ್ಯುವವರು ಬಹಳ ಮಂದಿ ಹಾಗೇ ಮಾಡಿಸುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಅದನ್ನು ಮತ್ತೆ ಸಡಿಲ ಮಾಡಿಸಬೇಕು ಎಂದು ಯಾರ ತಲೆಗೂ ಬರುತ್ತಿರಲಿಲ್ಲ. ಗಟ್ಟಿಯಾದದ್ದನ್ನು ಯಾರಾದರೂ ಮೆತ್ತಗೆ ಮಾಡಿಸುತ್ತಾರೆಯೇ?

ಬೇಸಿಗೆ ರಜೆಗೆ ಇನ್ನು ಕೆಲವೇ ದಿನ ಇದ್ದವು. ಕೊನೆಯ ಚೀಲವೂ ಮಾರಾಟವಾಗಿ, ಟ್ಯಾಂಕಿನ ಮೇಲೆ ಏನೂ ಇಲ್ಲದೆ, ಸಂಜೆ ಶಾಲೆ ಬಿಟ್ಟ ಮೇಲೆ ಊರಿಗೆ ಹೊರಟಿದ್ದೆವು. ಮೋಟೆಬೆನ್ನೂರಿನ ಹತ್ತಿರ ಜಲ್ಲಿಯ ದಾರಿಗೆ ಇಳಿದೆವು. ಮುಂದೆ ಹೋಗುತ್ತಿದ್ದ ಲಾರಿ ಧೂಳೆಬ್ಬಿಸುತ್ತಾ ಇದ್ದಕ್ಕಿದ್ದಂತೆ ನಿಂತಿತು. ಅವರು ಮುಂದಿನ ಬ್ರೇಕ್ ಗಪ್ಪನೆ ಹಿಡಿದರು. ಗಾಡಿ ಬಾಗಲಿಲ್ಲ. ಅದರ ಬದಲು ಮುಂದಿನ ಚಕ್ರ ಆ ಗೆರೆಗಳ ಮೇಲೆ ಕಪ್ಪೆಯ ಹಾಗೆ ಕುಪ್ಪಳಿಸತೊಡಗಿತು. ನೆಲಕ್ಕೆ ತಾಗುವುದು, ಬಿಡುವುದು, ತಾಗುವುದು, ಬಿಡುವುದು. ಆಮೇಲೆ ಒಮ್ಮೆ ತಾಗಿದ್ದು ಉರುಳದೆ ಸರ್ರನೆ ಜಾರಿತು. ನಾನು ಜಲ್ಲಿಯ ಮೇಲಿದ್ದೆ, ಎಡಗೈ ನನ್ನದಲ್ಲ ಎನ್ನುವಂತಿತ್ತು.

ಹೆಗಲ ಮುಂದಿನ ಎಲುಬು ಮುರಿದಿತ್ತು. ಹಾವೇರಿಯಲ್ಲಿ ಪಟ್ಟಿ ಕಟ್ಟಿಸಿಕೊಂಡು ಬಂದೆ. ಅವರಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ, ಅದೇ ಅವರಿಗೆ ದೊಡ್ಡ ಪೆಟ್ಟಾಯಿತು ಎಂದು ಈಗ ಅನಿಸುತ್ತದೆ. ರಜೆಯಿಡೀ ನಾನು ಹಗ್ಗದ ಹೊರಸಿನ ಮೇಲೆ ಕೂತಿದ್ದೆ. ನೋಡಲು ಬಂದವರೆಲ್ಲ ಮಂಡಕ್ಕಿ ತಿಂದು, ಚಹಾ ಕುಡಿದು, ಒಂದೇ ಬುದ್ಧಿ ಹೇಳಿ ಹೋದರು: ಮುಂದಿನ ಬ್ರೇಕ್ ಮುಟ್ಟಬಾರದಿತ್ತು, ಮನುಷ್ಯನನ್ನು ಕೆಡವುವುದೇ ಅದು. ಯಾರ ಯಾರ ಅಳಿಯಂದಿರು, ಷಡ್ಡಕರು ಮುಂದಿನ ಬ್ರೇಕ್ ಹಿಡಿದು ಬಿದ್ದರು ಎಂಬ ಕಥೆ ದಿನಕ್ಕೊಂದು ಬರುತ್ತಿತ್ತು. ನನ್ನ ಗಂಡ ಮಾತುಗಾರ. ಬೀಜದ ಅಂಗಡಿಯಲ್ಲಿ ಕೂತರೆ ಬೇಡದವನಿಗೂ ಬೆಂಡೆಬೀಜ ಕಟ್ಟಿಕೊಡುವಷ್ಟು ಮಾತು. ಆ ಬೇಸಿಗೆಯಲ್ಲಿ ಅವರು ಎಮ್ಮೆಗಳ ಜೊತೆ ಮಾತ್ರ ಮಾತಾಡಿದರು.

ಅತ್ತೆ ಒಳ್ಳೆಯವರು, ಆದರೆ ಹೆದರಿದರೆ ಅವರ ಒಳ್ಳೆಯತನ ಹಟವಾಗುತ್ತಿತ್ತು. ಪಟ್ಟಿ ಬಿಚ್ಚಿದ ದಿನ ನನ್ನ ಮುಂದೆ ಕೂತು ತೀರ್ಮಾನ ಹೇಳಿದರು. “ಕಾರಹುಣ್ಣಿವಿ ಮಟ ನೋಡ್ತೇನಿ. ಗಾಡಿ ಮ್ಯಾಲ ಹೋಗೂದು ಸುರಳೀತ ಆತಂದ್ರ ಆತು, ಇಲ್ಲಂದ್ರ ನೌಕರಿ ಬಿಟ್ಟಬಿಡು. ನೌಕರಿ ಹೋದ್ರ ಹೋಗ್ಲಿ, ಜೀವಾ ಹೋದ್ರ ಬರ್ತೈತೇನ?”

ದನಕರುಗಳ ಹಬ್ಬ ಕಾರಹುಣ್ಣಿಮೆ ಆ ವರ್ಷ ಜೂನ್ ಕೊನೆಗೆ ಬಂದಿತ್ತು. ಶಾಲೆ ಜೂನ್ ಮೊದಲಿಗೆ ಶುರು. ನನಗೆ ಸಿಟ್ಟು ಬಂತು. ಆ ಕೆಲಸ ನನಗೆ ಎಷ್ಟು ಬೇಕಾಗಿತ್ತು ಎಂಬುದನ್ನು ಹೇಗೆ ಹೇಳಲಿ. ಮದುವೆಯಾದ ಮೇಲೆ ನಾನು ಯಾರದೋ ಸೊಸೆ, ಯಾರದೋ ಹೆಂಡತಿ ಆಗಿದ್ದೆ. ಆ ಶಾಲೆಯ ಅಂಗಳದಲ್ಲಿ ಮಾತ್ರ ನಾನು ನಡೆದು ಬಂದರೆ ಸಣ್ಣ ಸಣ್ಣ ಮಕ್ಕಳು “ಅಕ್ಕಾರು ಬಂದ್ರು” ಎಂದು ಓಡಿ ಸಾಲು ಹಿಡಿಯುತ್ತಿದ್ದರು. ಅದನ್ನು ಬಿಟ್ಟು ಮತ್ತೆ ಹಿತ್ತಲಿನ ಕಡೆ ತಿರುಗಿ ಕೂರುವುದು ನನ್ನಿಂದ ಆಗುತ್ತಿರಲಿಲ್ಲ.

ಶಾಲೆ ಶುರುವಾದ ದಿನ ಕತ್ತಲಿರುವಾಗಲೇ ಹೊರಟೆವು. ಯಾಕೆ ಇಷ್ಟು ಬೇಗ ಎಂದರೆ ಅವರು ಕಿಕ್ ಹೊಡೆದು ಗಾಡಿ ಶುರು ಮಾಡಿದರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಗೊತ್ತಾಯಿತು. ಗಾಡಿ ಎತ್ತಿನ ಚಕ್ಕಡಿಯ ವೇಗದಲ್ಲಿ ಹೋಗುತ್ತಿತ್ತು. ಹಾವೇರಿಯ ಬಸ್‌ಸ್ಟ್ಯಾಂಡ್ ಮುಂದೆ ಯಾರೋ ಅಡ್ಡ ಬಂದರು, ಇವರು ಹಿಂದಿನ ಬ್ರೇಕ್ ತುಳಿದು, ಎರಡೂ ಚಪ್ಪಲಿ ನೆಲಕ್ಕೆ ಉಜ್ಜುತ್ತಾ ನಿಲ್ಲಿಸಿದರು. ಮುಂಭಾಗ ಒಂದು ಚೂರೂ ಅಲುಗಲಿಲ್ಲ. ಮೋಟೆಬೆನ್ನೂರಿನಲ್ಲಿ ನಿಂತಾಗ ನಾನು ಇಳಿದು ಹೋಗಿ ಹ್ಯಾಂಡಲ್ಲಿನ ಬಲಗಡೆಯ ಬ್ರೇಕ್ ಹಿಡಿ ಎಳೆದು ನೋಡಿದೆ. ಅದು ಯಾವ ತಕರಾರೂ ಇಲ್ಲದೆ ಕೈಗೆ ಬಂತು. ಕೆಳಗೆ ಚಕ್ರದ ಹತ್ತಿರ ಕೇಬಲ್ ಬಿಚ್ಚಿ ಸುತ್ತಿ ಕಟ್ಟಿಟ್ಟಿದ್ದರು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದು ಎಂದರೆ ಇದೇ.

ಅಲ್ಲೇ ರಸ್ತೆ ಬದಿಯಲ್ಲಿ ನಾನು ಏನೇನು ಅಂದೆನೋ ಎಲ್ಲ ಬರೆಯಲು ಆಗುವುದಿಲ್ಲ. ಅವರು ತಲೆ ತಗ್ಗಿಸಿ ನಿಂತಿದ್ದರು. ನಾನು ಬೈದು ಬೈದು ಸಾಕಾಗಿ, ಮತ್ತೆ ಅದೇ ಗಾಡಿಯ ಹಿಂದೆ ಹತ್ತಿ ಕೂತೆ, ಯಾಕೆಂದರೆ ಶಾಲೆಗೆ ಹೊತ್ತಾಗುತ್ತಿತ್ತು. ಅಷ್ಟು ಬೇಗ ಹೊರಟಿದ್ದರೂ ನಾವು ಹೋದಾಗ ಪ್ರಾರ್ಥನೆ ಮುಗಿದಿತ್ತು.

ಹೊರಸಿನ ಮೇಲೆ ಕೂತಿದ್ದಾಗ ನಾನು ಸುಮ್ಮನೆ ಕೂತಿರಲಿಲ್ಲ. ಬಿದ್ದದ್ದನ್ನು ಮತ್ತೆ ಮತ್ತೆ ಮೈಯಲ್ಲೇ ನೆನಪು ಮಾಡಿಕೊಂಡಿದ್ದೆ. ಊರವರು ಹೇಳಿದಂತೆ ಕೆಡವಿದ್ದು ಬ್ರೇಕ್ ಆಗಿದ್ದರೆ ಅದು ಸುಗ್ಗಿಯಲ್ಲೂ ಕೆಡವಬೇಕಿತ್ತಲ್ಲ? ಸುಗ್ಗಿಯಲ್ಲಿ ಅದೇ ಜಲ್ಲಿಯ ಮೇಲೆ, ಕುರಿಹಿಂಡು ಅಡ್ಡ ಬಂದು, ಅವರು ಅದೇ ಬ್ರೇಕ್ ಅಷ್ಟೇ ಜೋರಾಗಿ ಹಿಡಿದಿದ್ದರು. ಆಗ ಗಾಡಿ ಮುಂದಕ್ಕೆ ಮೆಲ್ಲಗೆ ಮಂಡಿಯೂರಿದಂತಾಗಿ, ನನ್ನ ಬಲಹೆಗಲು ಅವರ ಬೆನ್ನಿಗೆ ಒತ್ತಿ, ನೆಟ್ಟಗೆ ನಿಂತಿತ್ತು. ಆ ದಿನಕ್ಕೂ ಬಿದ್ದ ದಿನಕ್ಕೂ ಒಂದೇ ವ್ಯತ್ಯಾಸ. ಆ ದಿನ ಟ್ಯಾಂಕಿನ ಮೇಲೆ ಚೀಲ ಇತ್ತು. ಗಾಡಿಯನ್ನು ಚೀಲಕ್ಕೆಂದು ಗಟ್ಟಿ ಮಾಡಿಸಿದ್ದರು, ಚೀಲ ಹೋದ ಮೇಲೆ ಅದಕ್ಕೆ ಬಾಗಲು ಆಗಲಿಲ್ಲ. ಬಾಗಲಾರದ್ದು ಕುಪ್ಪಳಿಸಿತು.

ಆ ಭಾನುವಾರ ನಾನೇ ಅವರನ್ನು ಬ್ಯಾಡಗಿಗೆ ಎಳೆದುಕೊಂಡು ಹೋದೆ. ಸುಗ್ಗಿ ಇಲ್ಲದ ಬ್ಯಾಡಗಿಯಲ್ಲೂ ಗಾಳಿಯಲ್ಲಿ ಒಂದು ಚಿಟಿಕೆ ಘಾಟು ಇದ್ದೇ ಇರುತ್ತದೆ. ಮೆಕ್ಯಾನಿಕ್ ವಯಸ್ಸಾದವರು, ಬಿಳಿ ಗಡ್ಡ, ಎಲ್ಲರೂ ಚಾಚಾ ಎನ್ನುತ್ತಿದ್ದರು. ತಮ್ಮ ಮನೆಯವರ ಜೊತೆ ಉರ್ದು, ಗಿರಾಕಿಗಳ ಜೊತೆ ನಮ್ಮದೇ ಕನ್ನಡ. ನಾನು ವಿಷಯ ಹೇಳಿದೆ. ಅವರು ಗೌರವದಿಂದ ಕೇಳಿ, ಗೌರವದಿಂದಲೇ ಇಲ್ಲವೆಂದರು. ಇಷ್ಟು ಗಾಡಿಗಳಿಗೆ ಹೀಗೆ ಮಾಡಿಕೊಟ್ಟಿದ್ದೇನೆ, ಯಾರೂ ದೂರು ತಂದಿಲ್ಲ, ಮೆತ್ತಗೆ ಮಾಡಿದರೆ ಬ್ರೇಕ್ ಹಿಡಿದಾಗ ಗಾಡಿ ಮುಗ್ಗರಿಸುತ್ತದೆ ಎಂದರು. ನನ್ನ ಗಂಡ ಪಕ್ಕದಲ್ಲಿ ತಲೆಯಾಡಿಸುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎನ್ನುವಂತೆ ಇಬ್ಬರೂ ಸೇರಿ ಜಲ್ಲಿಯ ಮೇಲೆ ತಪ್ಪು ಹೊರಿಸಿದರು. ನಾನು ಅವರ ಅಂಗಡಿಯ ಬೆಂಚಿನ ಮೇಲೆ ಕೂತು, ಸುಗ್ಗಿಯಲ್ಲಿ ಇದ್ದಷ್ಟೇ ಭಾರದ ಒಂದು ಚೀಲ ತರಿಸಿರಿ, ಇಲ್ಲದಿದ್ದರೆ ಇಲ್ಲಿಂದ ಏಳುವುದಿಲ್ಲ ಎಂದೆ. ನೆರೆಯ ಅಂಗಡಿಯವರು ನೋಡತೊಡಗಿದ್ದರಿಂದ ಚೀಲ ಬೇಗನೇ ಬಂತು.

ಚಾಚಾಗೆ ಕೂಡ ಆಗ ಕುತೂಹಲ ಹುಟ್ಟಿತು. ಬ್ರೇಕಿನ ಕೇಬಲ್ ಮತ್ತೆ ಜೋಡಿಸಿದರು. ಚೀಲ ಹೊಲಿಯುವ ಸುತಳಿಯ ಒಂದು ತುಂಡು ತೆಗೆದುಕೊಂಡು ಶಾಕಪ್ಪಿನ ಹೊಳೆಯುವ ಕೊಳವೆಗೆ ಬಿಗಿಯಾಗಿ ಕಟ್ಟಿದರು. ಕೊಳವೆ ಎಷ್ಟು ಒಳಗಿಳಿದರೆ ಸುತಳಿ ಅಷ್ಟು ಮೇಲೆ ಸರಿದು ಅಲ್ಲೇ ನಿಲ್ಲುತ್ತದೆ, ಆಮೇಲೆ ಬಂದು ನೋಡಬಹುದು. ಚೀಲವನ್ನು ಟ್ಯಾಂಕಿನ ಮೇಲಿಟ್ಟು, ಗೂಡ್ಸ್ ಗಾಡಿ ನಿಲ್ಲುವ ಕಡೆಯ ಹಾಳು ರಸ್ತೆಯಲ್ಲಿ ತಾವೇ ಓಡಿಸಿ ಬ್ರೇಕ್ ಹಿಡಿದರು. ಸುತಳಿ ಅರ್ಧ ಗೇಣಿಗೆ ಸ್ವಲ್ಪ ಕಡಿಮೆ ಏರಿತ್ತು. ಚೀಲ ಇಳಿಸಿ ಮತ್ತೆ ಹೋದರು. ನಾನು ಬೆಂಚಿನಿಂದ ಎದ್ದು ನಿಂತು ನೋಡುತ್ತಿದ್ದೆ. ಮುಂದಿನ ಚಕ್ರ ಟಕಟಕ ಎಂದು ಕುಪ್ಪಳಿಸಿತು, ಚಾಚಾ ಎರಡೂ ಕಾಲು ಚಾಚಿ ಹೇಗೋ ನಿಂತರು. ತಳ್ಳಿಕೊಂಡು ವಾಪಸ್ ಬಂದು, ಟವೆಲ್ಲಿನಿಂದ ಮುಖ ಒರೆಸಿಕೊಂಡು, ಸುತಳಿ ನೋಡಿದರು. ಎರಡು ಬೆರಳಿನಷ್ಟೂ ಏರಿರಲಿಲ್ಲ. ಅವರಿಗೆ ಅವಮಾನವೇನೂ ಆಗಲಿಲ್ಲ, ನಗು ಬಂತು.

“ಎಲ್ಲಾರೂ ಬಂದು ಚೀಲದ ಮಾತ ಹೇಳ್ತಾರ್ರಿ ಅಕ್ಕಾರ,” ಎಂದರು. “ಹಿಂದ ಕುಂತವರ ಮಾತ ಇವತ್ತ ಮೊದಲ್ನೇ ಸಲ ಕೇಳಾಕತ್ತೇನಿ.”

ಆಮೇಲೆ ಬಿಚ್ಚಿದರು. ಒಳಗಿನಿಂದ ಬಂದ ಎಣ್ಣೆ ಕಾಕಂಬಿಯ ಹಾಗೆ ತಟ್ಟೆಗೆ ಇಳಿಯಲು ಒಲ್ಲೆನೆನ್ನುತ್ತಿತ್ತು. ಅದೂ ಒಂದು ಕೊಳವೆಯಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಇಂಥ ದಪ್ಪ ಎಣ್ಣೆಯಲ್ಲಿ ಸ್ಪ್ರಿಂಗು ಒಮ್ಮೆ ಇಳಿದರೆ ಏಳಲು ಹೊತ್ತು ಬೇಕು, ಅಷ್ಟರಲ್ಲಿ ಇನ್ನೊಂದು ಗುಂಡಿ ಬಂದಿರುತ್ತದೆ ಎಂದು ಚಾಚಾ ತಮ್ಮಷ್ಟಕ್ಕೇ ಹೇಳಿಕೊಂಡರು. ತೆಳ್ಳನೆಯ ಎಣ್ಣೆಯನ್ನು ಎರಡೂ ಕಡೆ ಸಮವಾಗಿ ಅಳೆದು ಹಾಕಿ, ಕಬ್ಬಿಣದ ತುಂಡುಗಳನ್ನು ತೆಗೆದಿಟ್ಟರು. ಈ ಸಲ ಬ್ರೇಕ್ ಹಿಡಿದರೆ ಮುಂಭಾಗ ಡಬ್ಬೆಂದು ತಳಕ್ಕೇ ಹೋಗಿ ಬಡಿಯಿತು. ನನ್ನ ಗಂಡ ನನ್ನ ಕಡೆ ನೋಡಿದ ನೋಟದಲ್ಲಿ ‘ನಾ ಹೇಳಿರಲಿಲ್ಲವೇ’ ಎಂಬುದು ದಪ್ಪಕ್ಷರದಲ್ಲಿ ಬರೆದಿತ್ತು. ಅವರಿಬ್ಬರು ಹೇಳಿದ್ದರಲ್ಲಿ ಅರ್ಧ ಖರೆ ಇತ್ತು. ಚಾಚಾ ಒಂದು ತುಂಡನ್ನು ಗರಗಸದಿಂದ ಗಿಡ್ಡ ಮಾಡಿ ಮತ್ತೆ ಒಳಗಿಟ್ಟರು. ನಮ್ಮಿಬ್ಬರನ್ನೂ ಹತ್ತಿಸಿ ಕೂರಿಸಿ, ಸುಮ್ಮನೆ ಕೂತಾಗ ಎಷ್ಟು ಇಳಿಯಿತು, ಬ್ರೇಕ್ ಹಿಡಿದಾಗ ಇನ್ನೆಷ್ಟು ಉಳಿಯಿತು ಎಂದು ಸುತಳಿ ಸರಿಸಿ ಸರಿಸಿ ನೋಡಿದರು. ಇಳಿಯಲೂ ಜಾಗ ಇರಬೇಕು, ಏಳಲೂ ಜಾಗ ಇರಬೇಕು, ಎರಡೂ ಇದ್ದರೆ ಚಕ್ರ ನೆಲ ಬಿಡುವುದಿಲ್ಲ ಎಂಬುದು ಆ ಸಂಜೆ ನಾವು ಮೂವರೂ ಸೇರಿ ಕಲಿತ ಪಾಠ. ಇನ್ನು ಮುಂದೆ ಸುಗ್ಗಿ ಮುಗಿದ ಕೂಡಲೇ ಬಂದು ಬಿಚ್ಚಿಸಿಕೊಂಡು ಹೋಗಿ ಎಂದು ಎಲ್ಲರಿಗೂ ಹೇಳುತ್ತೇನೆ ಎಂದರು ಚಾಚಾ. ಹೇಳಿದರೆಂದೂ ಆಮೇಲೆ ಕೇಳಿದೆ.

ಗಾಡಿ ಸರಿಯಾಯಿತು, ಇನ್ನು ಎಲ್ಲ ಸರಿಯಾಯಿತು ಎಂದುಕೊಂಡು ನಾನು ದಾರಿಯುದ್ದಕ್ಕೂ ಹಾಡಿಕೊಳ್ಳುತ್ತಾ ಬಂದೆ. ಅದು ನನ್ನ ಆತುರ.

ಸೋಮವಾರ ಬೆಳಿಗ್ಗೆಯೂ ಚಕ್ಕಡಿಯದೇ ವೇಗ. ಕೇಬಲ್ ಇತ್ತು, ಶಾಕಪ್ ಇತ್ತು, ಅವರ ಬಲಗೈಯ ಬೆರಳುಗಳು ಮಾತ್ರ ಬ್ರೇಕಿನ ಕಡೆ ಹೋಗುತ್ತಿರಲಿಲ್ಲ. ಮೋಟೆಬೆನ್ನೂರಿನ ಹತ್ತಿರ ಹೊಸ ರಸ್ತೆಯ ಒಂದು ತುಂಡು ತಯಾರಾಗಿತ್ತು, ಆದರೆ ಇನ್ನೂ ಬಿಟ್ಟಿರಲಿಲ್ಲ. ಅಡ್ಡ ಇಟ್ಟ ಕಲ್ಲುಗಳ ಸಂದಿಯಲ್ಲಿ ಗಾಡಿ ನುಗ್ಗಿಸಲು ಹೇಳಿ, ಇಲ್ಲಿ ಬ್ರೇಕ್ ಹಿಡಿದು ನೋಡಿ ಎಂದು ನಾನು ಇಳಿದು ನಿಂತೆ. ಅವರು ಒಬ್ಬರೇ ಹೋಗಿ ಬ್ರೇಕ್ ಹಿಡಿದರು. ಗಾಡಿ ಮುಂದಕ್ಕೆ ಬಾಗಿ, ನೆಟ್ಟಗೆ ನಿಂತು, ಮತ್ತೆ ತಲೆ ಎತ್ತಿತು. ಇನ್ನೊಮ್ಮೆ ಹಿಡಿದರು, ಜೋರಾಗಿ. ಆಗಲೂ ಹಾಗೆಯೇ ನಿಂತಿತು. ಅವರ ಮುಖದಲ್ಲಿ ಬಹಳ ದಿನಗಳ ಮೇಲೆ ಬೆಳಕು ಕಂಡೆ. ನಾನು ಹತ್ತಿ ಕೂತೆ, ಈಗ ಹಿಡಿಯಿರಿ ಎಂದೆ. ಗಾಡಿ ಹೋಗುತ್ತಲೇ ಇತ್ತು. ಹಿಡಿಯಿರಿ ಎಂದು ಮತ್ತೆ ಹೇಳಿದೆ. ರಸ್ತೆ ಮುಗಿದ ಮೇಲೆ ಹಿಂದಿನ ಬ್ರೇಕ್ ತುಳಿದು, ಕಾಲು ಊರಿದರು. ನಾನು ರೇಗಿದೆ. ಒಬ್ಬರೇ ಇದ್ದಾಗ ಹುಲಿ, ಹೆಂಡತಿ ಕೂತರೆ ಇಲಿಯೇ ಎಂದು ಕೇಳಿದೆ. ಗಂಡಸರಿಗೆ ಹೇಳಬಾರದ ಮಾತು ಅದು ಎಂದು ಗೊತ್ತಿದ್ದೇ ಹೇಳಿದೆ.

ಅವರು ಸಿಟ್ಟಾಗಲಿಲ್ಲ. ಗಾಡಿಯ ಮೇಲೆ ಹಾಗೇ ಮುಂದೆ ನೋಡುತ್ತಾ ಕೂತು ಹೇಳಿದರು. “ನೀ ಹಿಂದ ಕುಂತ್ರ ಕೈ ಬರಾಂಗಿಲ್ಲ. ಅವತ್ತ ಎಲುಬು ಮುರದ ಸಪ್ಪಳ ನಿನಗ ಕೇಳಿಲ್ಲ. ನನಗ ಕೇಳೇತಿ.”

ನಿಜ, ನನಗೆ ಕೇಳಿರಲಿಲ್ಲ. ಬಿದ್ದದ್ದು ಗೊತ್ತಿತ್ತು, ನೋವು ಗೊತ್ತಿತ್ತು, ಸಪ್ಪಳ ಗೊತ್ತಿರಲಿಲ್ಲ. ಒಂದು ಬೇಸಿಗೆಯಿಡೀ ಆ ಸಪ್ಪಳವನ್ನು ಅವರು ಕಿವಿಯಲ್ಲಿಟ್ಟುಕೊಂಡು ಎಮ್ಮೆ ಮೇಯಿಸಿದ್ದರು. ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು. ಆ ಬೆನ್ನನ್ನು ಅಷ್ಟು ವರ್ಷ ನೋಡಿದ್ದೆ, ಅವತ್ತು ಅದರ ಮೇಲೆ ಹುಟ್ಟಿದಷ್ಟು ಪ್ರೀತಿ ಮದುವೆಯ ದಿನವೂ ಹುಟ್ಟಿರಲಿಲ್ಲ. ಹೇಳಲಿಲ್ಲ. ನಮ್ಮಲ್ಲಿ ಅದನ್ನೆಲ್ಲ ಬಾಯಿಬಿಟ್ಟು ಹೇಳುವ ರೂಢಿ ಇಲ್ಲ, ಅದೂ ಫೋರ್‌ಲೇನ್ ರಸ್ತೆಯ ನಡುವೆ.

ಎರಡು ದಿನ ಯೋಚಿಸಿದೆ. ಮಕ್ಕಳಿಗೆ ಭಾಗಾಕಾರ ಬರದಿದ್ದರೆ ಭಾಗಾಕಾರವನ್ನೇ ಮತ್ತೆ ಮತ್ತೆ ಮಾಡಿಸುವುದಿಲ್ಲ, ಅವರಿಗೆ ಬರುವ ಕಳೆಯುವ ಲೆಕ್ಕದಿಂದ ಶುರು ಮಾಡುತ್ತೇವೆ. ಇವರ ಕೈಗೆ ಏನು ಬರುತ್ತದೆ? ಬೆಳಗಿನ ಜಾವ ಕೊಟ್ಟಿಗೆಯಲ್ಲಿ ಅವರು ಎಮ್ಮೆ ಹಿಂಡುವುದನ್ನು ನೋಡುತ್ತಾ ನಿಂತಾಗ ಉತ್ತರ ಸಿಕ್ಕಿತು. ಕೆಚ್ಚಲಿಗೆ ಕೈಹಾಕಿ ಗಪ್ಪನೆ ಹಿಂಡಿದರೆ ಎಮ್ಮೆ ಒದೆಯುತ್ತದೆ. ಮೊದಲು ಮೆತ್ತಗೆ ನೇವರಿಸಬೇಕು, ಅದು ಹಾಲು ಇಳಿಸುವವರೆಗೆ ಕಾಯಬೇಕು, ಇಳಿಸಿದ್ದು ಬೆರಳಿಗೆ ತಿಳಿದ ಮೇಲೆ ಎಷ್ಟು ಜೋರು ಹಿಂಡಿದರೂ ನಡೆಯುತ್ತದೆ. ಅವರು ಬ್ರೇಕನ್ನು ಹಿಡಿದರೆ ಗಪ್ಪನೆ ಹಿಡಿಯುತ್ತಿದ್ದರು, ಇಲ್ಲದಿದ್ದರೆ ಮುಟ್ಟುತ್ತಲೇ ಇರಲಿಲ್ಲ. ನಡುವಿನದು ಅವರ ಕೈಗೆ ಗೊತ್ತಿದೆ, ಗಾಡಿಯ ಮೇಲೆ ಮರೆಯುತ್ತಿದ್ದರು, ಅಷ್ಟೆ.

“ಎಮ್ಮಿ ಹೆಂಗ ಹಿಂಡ್ತೀರಿ, ಹಂಗ ಹಿಡೀರಿ,” ಎಂದೆ. “ಮೊದಲ ಮೆತ್ತಗ. ಗಾಡಿ ಮುಂದ ಬಾಗಿದ್ದು ನಿಮಗ ತಿಳೀತೈತಿ. ತಿಳದ ಮ್ಯಾಲ ಜೋರ ಹಿಡೀರಿ.”

ಅವರು ನಕ್ಕರು, ನಗುವಂಥ ಮಾತೇ ಅದು. ಆದರೆ ಅವತ್ತು ಹಾವೇರಿ ದಾಟಿದ ಮೇಲೆ ಒಂದು ಸೇತುವೆಯ ಹತ್ತಿರ ನನ್ನ ಕೆಳಗೆ ಗಾಡಿ ಒಂಚೂರು ಮುಂದಕ್ಕೆ ಬಾಗಿತು. ಕಣ್ಣು ಮುಚ್ಚಿದ್ದರೂ ಹೇಳುತ್ತಿದ್ದೆ, ಅದು ಮುಂದಿನ ಬ್ರೇಕ್. ಆಮೇಲೆ ದಿನಾ ದಾರಿಯಲ್ಲಿ ಸಿಗುವ ಪ್ರತಿ ಸೇತುವೆಗೂ ಒಮ್ಮೆ ಮೆತ್ತಗೆ ಹಿಡಿದು ಬಿಡುವುದು ಅಭ್ಯಾಸವಾಯಿತು. ನನ್ನ ಹೆಗಲು ಅವರ ಬೆನ್ನಿಗೆ ಒಮ್ಮೆ ತಾಗುವುದು, ಬಿಡುವುದು. ಮುಂಗಾರಿನ ತುಂತುರು ಶುರುವಾಗಿ ಜಲ್ಲಿಯ ಧೂಳು ಅಡಗಿತ್ತು. ಆದರೂ ಅವರು ಮೊದಲಿನ ವೇಗಕ್ಕೆ ಬರಲಿಲ್ಲ. ಇದೆಲ್ಲ ಅವರೇ ನೋಡಿಟ್ಟ ಜಾಗದಲ್ಲಿ, ಅವರೇ ತಯಾರಾದಾಗ ಹಿಡಿಯುವ ಬ್ರೇಕು. ಏನಾದರೂ ಎದುರಿಗೆ ಬಂದು 'ಈಗ ಹಿಡಿ' ಎಂದರೆ ಆ ಕೈ ಬರುತ್ತದೆಯೇ ಇಲ್ಲವೇ ಎಂದು ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಕತ್ತಲಲ್ಲಿ ಎದ್ದು ರೊಟ್ಟಿ ಬಡಿದು, ಹೊರಟು, ಆದರೂ ಶಾಲೆಗೆ ತಡವಾಗುತ್ತಿತ್ತು. ಹೆಡ್‌ಮಾಸ್ತರರು ಒಂದು ದಿನ ಗಡಿಯಾರ ನೋಡಿ, ನನ್ನನ್ನು ನೋಡಿ, ಮತ್ತೆ ಗಡಿಯಾರ ನೋಡಿದರು. ಮನೆಯಲ್ಲಿ ಅತ್ತೆ ಕಾರಹುಣ್ಣಿಮೆಗೆ ಎಮ್ಮೆಗಳ ಕೋಡಿಗೆ ಹಚ್ಚುವ ಬಣ್ಣ ತಂದಿಟ್ಟರು. ಮಾತಿಗೆ ಅವರು ತಪ್ಪುವವರಲ್ಲ.

ಹುಣ್ಣಿಮೆಗೆ ಇನ್ನೇನು ಒಂದೆರಡು ದಿನ ಇದ್ದಾಗ, ಮತ್ತೆ ತಡವಾಗಬಾರದೆಂದು ಇನ್ನೂ ಒಂದು ತಾಸು ಮೊದಲೇ ಹೊರಟು, ಮೋಟೆಬೆನ್ನೂರಿನ ಹತ್ತಿರ, ನಾವು ಬಿದ್ದ ಜಾಗ ದಾಟಿ ಸ್ವಲ್ಪ ಮುಂದೆ ಜಲ್ಲಿಯ ಮೇಲಿದ್ದೆವು. ಎಡಗಡೆಯ ಹೊಲದ ದಾರಿಯಿಂದ ತಿಪ್ಪೆಗೊಬ್ಬರ ತುಂಬಿದ ಟ್ರ್ಯಾಕ್ಟರ್ ಟ್ರೇಲರ್ ಹಿಂದಕ್ಕೆ ಹಿಂದಕ್ಕೆ ಬಂದು ರಸ್ತೆಗೆ ನುಗ್ಗಿದ್ದು ಮೊದಲು ನನ್ನ ಕಣ್ಣಿಗೇ ಬಿತ್ತು, ಏಕೆಂದರೆ ನಾನು ನೋಡುತ್ತಿದ್ದದ್ದು ಆ ಕಡೆಗೆ. ಬಾಯಿ ತೆರೆಯಲೂ ಹೊತ್ತಿರಲಿಲ್ಲ. ಗಾಡಿ ಮುಂದಕ್ಕೆ ಮೆಲ್ಲಗೆ ಬಾಗಿತು. ಆ ಕ್ಷಣ ನನಗೆ ಈಗಲೂ ನೆನಪಿದೆ, ಅದು ಹೆದರಿಕೆಯ ಬಾಗುವಿಕೆ ಆಗಿರಲಿಲ್ಲ, ನೇವರಿಸಿದ್ದು. ಮರುಕ್ಷಣ ಅದು ಆಳಕ್ಕೆ ಇಳಿಯಿತು. ನನ್ನ ಹೆಗಲು, ಕೆನ್ನೆ ಎಲ್ಲ ಅವರ ಬೆನ್ನಿಗೆ ಅಪ್ಪಳಿಸಿದವು. ಕೆಳಗೆ ಚಕ್ರ ಒಂದೊಂದು ಗೆರೆಯನ್ನೂ ಹತ್ತಿ ಇಳಿಯುತ್ತಿದ್ದದ್ದು ಸೊಂಟಕ್ಕೆ ತಿಳಿಯುತ್ತಿತ್ತು, ಆದರೆ ಒಂದು ಸಲವೂ ಅದು ನೆಲ ಬಿಡಲಿಲ್ಲ, ಅಡ್ಡ ಹೋಗಲಿಲ್ಲ. ನೆಟ್ಟಗೆ ನಿಂತೆವು. ಟ್ರೇಲರಿನ ಹಲಗೆ ಅವರು ಕೈ ಚಾಚಿದರೆ ಸಿಗುವಷ್ಟು ಹತ್ತಿರ ಇತ್ತು. ಗಾಡಿಯ ಮುಂಭಾಗ ನಿಧಾನಕ್ಕೆ ಮೇಲೆದ್ದಿತು. ಟ್ರೇಲರಿನಿಂದ ಒಂದು ಹೆಂಟೆ ಗೊಬ್ಬರ ಉರುಳಿ ಟ್ಯಾಂಕಿನ ಮೇಲೆ ಬಿತ್ತು.

ಟ್ರ್ಯಾಕ್ಟರಿನವನು ತಿರುಗಿ ನೋಡಿ ಕೈ ಎತ್ತಿ ಮುಂದೆ ಹೋದ. ಅವರು ಬಯ್ಯಲಿಲ್ಲ. ಬೇರೆ ದಿನವಾಗಿದ್ದರೆ ನಾನಾದರೂ ಬಯ್ಯುತ್ತಿದ್ದೆ. ನನ್ನ ಕೆನ್ನೆ ಇನ್ನೂ ಅವರ ಬೆನ್ನಿನ ಮೇಲೇ ಇತ್ತು, ತೆಗೆಯಬೇಕೆಂದು ಅನಿಸಲಿಲ್ಲ. ಹಿಂದಿನಿಂದ ಲಾರಿಯವನು ಹಾರ್ನ್ ಹೊಡೆದ ಮೇಲೆ ಅವರು ಟ್ಯಾಂಕಿನ ಮೇಲಿನ ಗೊಬ್ಬರ ಒರೆಸಿ ಗೇರ್ ಹಾಕಿದರು. ಅಲ್ಲಿಂದ ಮುಂದೆ ಗಾಡಿ ಚಕ್ಕಡಿಯ ವೇಗದಲ್ಲಿ ಹೋಗಲಿಲ್ಲ. ಗಾಳಿಗೆ ನನ್ನ ಸೆರಗು ಹಾರಾಡತೊಡಗಿತು, ಒಂದು ಕೈಯಲ್ಲಿ ಹಿಡಿದುಕೊಳ್ಳಬೇಕಾಯಿತು.

ಶಾಲೆಯ ಬಾಗಿಲಲ್ಲಿ ಇಳಿದಾಗ ಅಂಗಳದಲ್ಲಿ ಇನ್ನೂ ಯಾರೂ ಇರಲಿಲ್ಲ, ಬೀಗ ಕೂಡ ತೆಗೆದಿರಲಿಲ್ಲ. ನಾನು ಸೀರೆ ಕೊಡವಿಕೊಂಡೆ. ಅವರು ನನ್ನ ಮುಖ ನೋಡದೆ, ಹ್ಯಾಂಡಲ್ ನೋಡುತ್ತಾ, ಏನೋ ಬಹಳ ದಿನದಿಂದ ಲೆಕ್ಕ ಹಾಕುತ್ತಿದ್ದವರ ಹಾಗೆ ಹೇಳಿದರು.

“ನಾಳಿಂದ ಇಷ್ಟ ಲಗೂ ಏಳೂದು ಬ್ಯಾಡ.”

ಅಷ್ಟು ಹೇಳಿ ರಾಣೆಬೆನ್ನೂರಿನ ಕಡೆ ಹೊರಟುಹೋದರು. ನಾನು ಬೀಗ ಹಾಕಿದ ಶಾಲೆಯ ಮೆಟ್ಟಿಲ ಮೇಲೆ ಕೂತು, ಮಕ್ಕಳು ಬರುವವರೆಗೆ, ಮನಸಾರೆ ಅತ್ತುಬಿಟ್ಟೆ.